ಐದು ರೂಪಾಯಿಗೆ ಇಪ್ಪತ್ತು ಲೀಟರ್: ನಮ್ಮೂರಿನ ಶುದ್ಧ ನೀರಿನ ಘಟಕವನ್ನು ಒಂಬತ್ತು ವರ್ಷ ಬಳಸಿದ ಮೇಲೆ

ಕೋಲಾರ ಜಿಲ್ಲೆಯ ನಮ್ಮೂರಿನ ಬಸ್ ನಿಲ್ದಾಣದ ಪಕ್ಕದಲ್ಲಿ, ಹಾಲಿನ ಡೇರಿಯ ಎದುರಿಗೆ, ನೀಲಿ ತಗಡಿನ ಒಂದು ಚಿಕ್ಕ ಕೋಣೆ ಇದೆ. ಸರ್ಕಾರದ ಕಾಗದಗಳಲ್ಲಿ ಅದಕ್ಕೆ ‘ಶುದ್ಧ ಕುಡಿಯುವ ನೀರಿನ ಘಟಕ’ ಎಂಬ ಹೆಸರಿದ್ದರೂ ಊರಿನಲ್ಲಿ ಎಲ್ಲರೂ ಅದನ್ನು ‘ಫಿಲ್ಟರ್’ ಎಂದೇ ಕರೆಯುತ್ತಾರೆ. ಐದು ರೂಪಾಯಿಯ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ನೀರು ಬರುತ್ತದೆ. ಒಂಬತ್ತು ವರ್ಷಗಳಿಂದ ನಮ್ಮ ಮನೆಯಲ್ಲಿ ಕುಡಿಯುವುದಕ್ಕೂ ಅಡುಗೆಗೂ ಈ ನೀರೇ. ಇಷ್ಟು ಕಾಲ ಬಳಸಿದ ಸೇವೆಯ ಬಗ್ಗೆ ಒಂದು ವಿಮರ್ಶೆ ಬರೆಯೋಣವೆಂದು ಕುಳಿತಾಗ, ನೀರಿನ ರುಚಿಗಿಂತಲೂ ಯಂತ್ರದ ಗುಣಮಟ್ಟಕ್ಕಿಂತಲೂ ಹೆಚ್ಚಾಗಿ ಆ ಕೋಣೆಯ ಬೀಗದ ಕೈ ಮೊದಲು ಯಾರ ಬಳಿ ಇತ್ತು, ಈಗ ಯಾರ ಬಳಿ ಇದೆ ಎಂಬುದನ್ನೇ ಹೇಳಬೇಕಾಗಿದೆ ಎನಿಸಿತು. ಮೊದಲ ಆರು ವರ್ಷಗಳಲ್ಲಿಯೂ ಕಳೆದ ಮೂರು ವರ್ಷಗಳಲ್ಲಿಯೂ ಯಂತ್ರ ಅದೇ, ಕೊಳವೆಬಾವಿ ಅದೇ, ದರವೂ ಅದೇ. ಆದರೆ ಸೇವೆಯಲ್ಲಿ ಮಾತ್ರ ಅಜಗಜಾಂತರ.

ಮೊದಲು ನೀರಿನ ವಿಚಾರ. ನಮ್ಮ ಸೀಮೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಸಾಮಾನ್ಯ. ಅಷ್ಟು ಆಳದಿಂದ ಮೇಲೆತ್ತಿದ ನೀರಿನಲ್ಲಿ, ಹೆಚ್ಚಾದರೆ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಇರುವುದೂ ಅಷ್ಟೇ ಸಾಮಾನ್ಯ. ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗ, ಕೊಪ್ಪಳ, ರಾಯಚೂರು, ಮುಂಡರಗಿ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವನು. ಘಟಕ ಬರುವುದಕ್ಕೆ ಮುಂಚೆ ನನ್ನ ತರಗತಿಯ ಹಲವು ಮಕ್ಕಳ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಕಂದು ಗೆರೆಗಳಿದ್ದವು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ಕೆಲವು ಹುಡುಗಿಯರಿಗೆ ಅಭ್ಯಾಸವೇ ಆಗಿಬಿಟ್ಟಿತ್ತು. ಅವರ ಅಜ್ಜಂದಿರಲ್ಲಿ ಮಂಡಿ ಮಡಿಸಲಾಗದೆ ಜಗಲಿಯ ಮೇಲೆ ಕಾಲು ಚಾಚಿ ಕುಳಿತವರಿದ್ದರು. ಆದ್ದರಿಂದ ನಮ್ಮಲ್ಲಿ ಫಿಲ್ಟರ್ ನೀರು ಪಟ್ಟಣದವರ ಅನುಕೂಲದಂತಹ ವಸ್ತುವಲ್ಲ, ಔಷಧಿಗೆ ಹತ್ತಿರವಾದದ್ದು.

ಶಾಲೆಯ ಪ್ರಯೋಗಾಲಯದ ಟಿಡಿಎಸ್ ಮೀಟರನ್ನು ಬೀದಿ ನಲ್ಲಿಯ ನೀರಿನಲ್ಲಿ ಅದ್ದಿದರೆ 1,100ರ ಆಸುಪಾಸು ತೋರಿಸುತ್ತದೆ; ಘಟಕದ ನೀರಿನಲ್ಲಿ 70ರಿಂದ 80. ಮಾನಕ ಬಯಸುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಈ ಮೀಟರು ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣವನ್ನು ಅಂದಾಜಿಸುತ್ತದೆಯೇ ಹೊರತು ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮೀಟರ್ ಹಿಡಿದು ಬರುವ ವ್ಯಾಪಾರಿಗಳು ಅದನ್ನು ಹೇಳುವುದಿಲ್ಲ. ಫ್ಲೋರೈಡ್ ತಿಳಿಯಬೇಕಾದರೆ ಮಾದರಿಯನ್ನು ಪ್ರಯೋಗಾಲಯಕ್ಕೇ ಕಳುಹಿಸಬೇಕು. ಅಡುಗೆಮನೆಯ ಸಾಕ್ಷ್ಯ ಬೇಕಾದವರಿಗೆ ಇಷ್ಟು ಹೇಳಬಹುದು: ತೊಗರಿಬೇಳೆ ಬೇಗ ಬೇಯುತ್ತದೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುವುದಿಲ್ಲ. ರುಚಿ ಸ್ವಲ್ಪ ಸಪ್ಪೆ. ನನ್ನ ತಾಯಿ ಮೊದಲ ಒಂದು ತಿಂಗಳು ‘ಈ ನೀರು ಗಂಟಲಲ್ಲಿ ಇಳಿದರೂ ದಾಹ ಹೋಗಲ್ಲ ಕಣೋ’ ಎನ್ನುತ್ತಿದ್ದರು. ನೀರಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಡಿಮೆಯಾದದ್ದು ರುಚಿಗಲ್ಲ, ವ್ಯರ್ಥಕ್ಕೆ: ಒಳಗೆ ಹೋದ ನೀರಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಉಪ್ಪುನೀರಾಗಿ ಹಿಂಬದಿಯ ಕೊಳವೆಯಿಂದ ಚರಂಡಿಗೆ ಹರಿಯುತ್ತದೆ, ಸಾವಿರ ಅಡಿಯಿಂದ ಎತ್ತಿದ ನೀರನ್ನು ಹೀಗೆ ಹರಿಯಬಿಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಯಂತ್ರದ ವಿಚಾರ ಬೇಗ ಮುಗಿಸುತ್ತೇನೆ. ಗೋಡೆಯಲ್ಲಿ ಕಾಯಿನ್ ಬಾಕ್ಸ್, ಅದರ ಕೆಳಗೆ ಕ್ಯಾನ್ ಇಡುವ ಸಿಮೆಂಟ್ ಕಟ್ಟೆ, ಒಳಗೆ ಮರಳಿನ ಫಿಲ್ಟರ್, ಇದ್ದಿಲಿನ ಫಿಲ್ಟರ್, ಅದರಾಚೆ ಮೆಂಬ್ರೇನ್‌ಗಳ, ಎಂದರೆ ಲವಣವನ್ನು ತಡೆದು ನೀರನ್ನು ಮಾತ್ರ ಬಿಡುವ ತೆಳು ಪೊರೆಗಳ, ಕೊಳವೆಗಳು. ಹಳೆಯ ದಪ್ಪ ಐದು ರೂಪಾಯಿಯ ನಾಣ್ಯವನ್ನೂ ಹೊಸ ತೆಳು ನಾಣ್ಯವನ್ನೂ ಬಾಕ್ಸು ಒಂದೇ ಎಂದು ಒಪ್ಪುವುದಿಲ್ಲ, ಒಪ್ಪದ ನಾಣ್ಯವನ್ನು ಹಿಂದಿರುಗಿಸುವುದೂ ಇಲ್ಲ. ಬೆಳಿಗ್ಗೆ ಸರದಿಯಲ್ಲಿ ನಿಂತವರು ಅಂಗೈಯಲ್ಲಿ ನಾಣ್ಯಗಳನ್ನು ಹರಡಿಕೊಂಡು, ಬಾಕ್ಸಿಗೆ ಆಗುವಂತಹದ್ದನ್ನು ಒಬ್ಬರಿಂದ ಒಬ್ಬರು ಬದಲಿಸಿಕೊಳ್ಳುವುದು ಇಲ್ಲಿನ ನಿತ್ಯದ ನೋಟ.

ಇನ್ನು ಆಡಳಿತ. ಇದೇ ಈ ವಿಮರ್ಶೆಯ ಮುಖ್ಯ ಭಾಗ.

2013ರಿಂದ 2018ರವರೆಗೆ ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅವಧಿಯಲ್ಲಿ ರಾಜ್ಯದ ಹಳ್ಳಿಗಳಲ್ಲಿ ಇಂತಹ ಸಾವಿರಾರು ಘಟಕಗಳು ನಿಂತವು. ಆಶಯ ಒಳ್ಳೆಯದಾಗಿತ್ತು, ಅದರ ಫಲವನ್ನು ನನ್ನ ವಿದ್ಯಾರ್ಥಿಗಳ ಹಲ್ಲುಗಳಲ್ಲಿಯೇ ನೋಡಿದ್ದೇನೆ. ನಮ್ಮೂರಿನ ಘಟಕವನ್ನು ಕಟ್ಟಿದ್ದು ಪಂಚಾಯಿತಿಯಲ್ಲ. ಮೇಲಿನ ಹಂತದಲ್ಲಿ ಟೆಂಡರ್ ಕರೆದು, ಯಂತ್ರ ಕೂರಿಸುವ ಹೊಣೆಯನ್ನೂ ಮುಂದಿನ ಐದು ವರ್ಷಗಳ ನಿರ್ವಹಣೆಯನ್ನೂ ಒಂದು ಖಾಸಗಿ ಏಜೆನ್ಸಿಗೆ ಒಪ್ಪಿಸಲಾಗಿತ್ತು. ಆ ಒಪ್ಪಂದಕ್ಕೆ ನಮ್ಮ ಪಂಚಾಯಿತಿ ಸಹಿ ಹಾಕಿರಲಿಲ್ಲ, ಅದರ ಪ್ರತಿ ಪಂಚಾಯಿತಿ ಕಚೇರಿಯಲ್ಲಿ ಇರಲೂ ಇಲ್ಲ. ಆದರೆ ಜಾಗ ಪಂಚಾಯಿತಿಯದು, ಕೊಳವೆಬಾವಿ ಪಂಚಾಯಿತಿಯದು, ಕರೆಂಟ್ ಬಿಲ್ ಪಂಚಾಯಿತಿಯದು, ನೀರು ನಿಂತ ದಿನ ಖಾಲಿ ಕ್ಯಾನ್ ಹಿಡಿದು ಜನ ಹೋಗಿ ನಿಲ್ಲುವುದೂ ಪಂಚಾಯಿತಿಯ ಬಾಗಿಲಿಗೇ.

ಐದನೆಯ ವರ್ಷದ ಬೇಸಿಗೆಯಲ್ಲಿ ಮೆಂಬ್ರೇನ್ ಕಟ್ಟಿಕೊಂಡು ಘಟಕ ನಿಂತಿತು. ಎಪ್ಪತ್ತಮೂರು ದಿನ ನಿಂತೇ ಇತ್ತು. ಮನೆಯ ಕ್ಯಾಲೆಂಡರಿನಲ್ಲಿ ನಾನು ದಿನ ದಿನ ಗುರುತು ಹಾಕಿದ್ದೇನೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಬಳಿ ಹೋದರೆ ‘ನಿರ್ವಹಣೆ ಏಜೆನ್ಸಿಯದು ಸಾರ್, ನಾವು ಬೀಗ ಮುಟ್ಟುವಂತಿಲ್ಲ’ ಎಂದರು. ಏಜೆನ್ಸಿಯ ಹುಡುಗನಿಗೆ ಫೋನ್ ಮಾಡಿದರೆ ಹಿಂದಿನ ಬಿಲ್ಲೇ ಬಿಡುಗಡೆಯಾಗಿಲ್ಲ ಎಂದ. ತಾಲ್ಲೂಕು ಕೇಂದ್ರದಲ್ಲಿ ವಿಚಾರಿಸಿದರೆ ಪಂಚಾಯಿತಿಯಿಂದ ಲಿಖಿತ ದೂರು ಬಂದಿಲ್ಲ ಎಂದರು. ಅವರಲ್ಲಿ ಯಾರೊಬ್ಬರೂ ಸುಳ್ಳು ಹೇಳುತ್ತಿರಲಿಲ್ಲ ಎಂಬುದು ನನಗೆ ಆಮೇಲೆ ಅರ್ಥವಾಯಿತು. ಕೆಲಸವನ್ನು ತುಂಡು ತುಂಡಾಗಿ ಹಂಚಿ, ಪ್ರತಿ ತುಂಡಿಗೂ ಒಂದು ಕಾಗದ ಮಾಡಿ, ಇಡೀ ಕೆಲಸಕ್ಕೆ ಹೊಣೆಯಾಗುವವರು ಯಾರೂ ಇಲ್ಲದಂತಹ ವ್ಯವಸ್ಥೆಯನ್ನು ಕಟ್ಟಲಾಗಿತ್ತು. ಆ ಎಪ್ಪತ್ತಮೂರು ದಿನ ಉಳ್ಳವರು ಪೇಟೆಯಿಂದ ಬರುವ ಆಟೋದಲ್ಲಿ ಮೂವತ್ತು, ನಲವತ್ತು ರೂಪಾಯಿ ಕೊಟ್ಟು ಕ್ಯಾನ್ ತರಿಸಿಕೊಂಡರು. ಇಲ್ಲದವರು ಮತ್ತೆ ಬೀದಿ ನಲ್ಲಿಯ ನೀರಿಗೇ ಹೋದರು.

ಇದು ನಮ್ಮೊಂದು ಊರಿನ ದೌರ್ಭಾಗ್ಯವೆಂದು ನಾನು ತಿಳಿದಿಲ್ಲ. ಕರ್ನಾಟಕದಲ್ಲಿ ಅಧಿಕಾರ ವಿಕೇಂದ್ರೀಕರಣ ಮತ್ತು ಕುಡಿಯುವ ನೀರು ಎರಡೂ ಒಬ್ಬರದೇ ಹೆಸರಿನೊಂದಿಗೆ ಸೇರಿಕೊಂಡಿವೆ. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ಬರದ ವರ್ಷಗಳಲ್ಲಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡರು. 1983ರ ಪಂಚಾಯಿತಿ ಕಾನೂನನ್ನು ರೂಪಿಸಿ, 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯುವಂತೆ ಮಾಡಿದವರೂ ಅವರೇ. ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟ ಆ ಕಾನೂನಿನ ಹಿಂದೆ, ಬಾವಿ ತೋಡುವ ಹಣವೂ ಅದನ್ನು ಎಲ್ಲಿ ತೋಡಬೇಕೆಂಬ ತೀರ್ಮಾನವೂ ಒಂದೇ ಕಡೆ ಇರಬೇಕು ಎಂಬ ನಂಬಿಕೆ ಇತ್ತು.

ಆನಂತರ ಬಂದ ಕಾಲ ಬೇರೆ. 1991ರಲ್ಲಿ ದೇಶದ ಆರ್ಥಿಕ ನೀತಿ ಉದಾರೀಕರಣದತ್ತ ತಿರುಗಿತು; 1993ರ ಏಪ್ರಿಲ್ 24ರಂದು ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು. ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಊರಿಗೆ ಬಂದವು. ತಿದ್ದುಪಡಿಯು ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿತು, ಕುಡಿಯುವ ನೀರು ಅದರಲ್ಲಿ ಹನ್ನೊಂದನೆಯದು. ಆದರೆ ಅವುಗಳಲ್ಲಿ ಎಷ್ಟನ್ನು, ಯಾವ ಮಟ್ಟಿಗೆ ವಹಿಸಬೇಕೆಂಬುದನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಇನ್ನೊಂದು ಕಡೆಯಿಂದ, ನೀರು ಸರ್ಕಾರ ಪುಕ್ಕಟೆ ಕೊಡುವ ವಸ್ತುವಲ್ಲ, ಬಳಸುವವರು ಅದರ ಖರ್ಚನ್ನು ಹೊರಬೇಕು ಎಂಬ ವಿಚಾರ ಯೋಜನೆಗಳಲ್ಲಿ ಸೇರಿಕೊಂಡಿತು. 2002ರಲ್ಲಿ ಆರಂಭವಾದ ಕೇಂದ್ರದ ಸ್ವಜಲಧಾರಾ ಯೋಜನೆಯಲ್ಲಿ ಬಂಡವಾಳದ ಶೇ. 10 ಭಾಗವನ್ನೂ ಆಮೇಲಿನ ನಿರ್ವಹಣೆಯ ಪೂರ್ತಿ ಖರ್ಚನ್ನೂ ಊರಿನವರೇ ಭರಿಸಬೇಕಾಗಿತ್ತು. 2019ರ ಜಲಜೀವನ್ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’, ತಲಾ 55 ಲೀಟರ್ ನೀರನ್ನು ನಲ್ಲಿಯಲ್ಲಿ ಕೊಡುವ ಗುರಿಯೊಂದಿಗೆ ಬಂದಾಗಲೂ ಊರಿನೊಳಗಿನ ಕಾಮಗಾರಿಗೆ ಸಮುದಾಯದ ವಂತಿಗೆ ಎಂಬ ಮಾತು ಉಳಿದುಕೊಂಡಿತು.

ಖರ್ಚಿನಲ್ಲಿ ಪಾಲು ಕೊಡುವುದನ್ನು ನಾನು ವಿರೋಧಿಸುವವನಲ್ಲ. ನಮ್ಮ ಹಿರಿಯರು ಕೆರೆಯ ಹೂಳನ್ನು ತಾವೇ ಎತ್ತುತ್ತಿದ್ದರು, ಕೆರೆಯ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದ ನೀರುಗಂಟಿಗೆ ಸುಗ್ಗಿಯಲ್ಲಿ ರಾಗಿ ಭತ್ತ ಅಳೆದು ಕೊಡುತ್ತಿದ್ದರು. ಆದರೆ ಕೊಡುವವರಿಗೆ ಕೇಳುವ ಅಧಿಕಾರವೂ ಇತ್ತು, ತೂಬು ಎತ್ತುವ ದಿನವನ್ನು ಊರು ಕುಳಿತು ತೀರ್ಮಾನಿಸುತ್ತಿತ್ತು. ಈಗಿನ ಏರ್ಪಾಟಿನಲ್ಲಿ ಹೊಣೆ ಕೆಳಕ್ಕೆ ಇಳಿದಷ್ಟು ವೇಗವಾಗಿ ಅಧಿಕಾರ ಇಳಿದಿಲ್ಲ. ಹದಿನೈದನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ: 2021ರಿಂದ 2026ರ ಅವಧಿಗೆ ಪಂಚಾಯಿತಿಗಳಿಗೆ ಗೊತ್ತು ಮಾಡಿದ ಹಣದಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಲಾಗಿತ್ತು, ಪಂಚಾಯಿತಿ ತನ್ನ ವಿವೇಚನೆಯಿಂದ ಖರ್ಚು ಮಾಡಬಹುದಾಗಿದ್ದದ್ದು ಶೇ. 40. ನೀರಿಗೆ ಹಣ ಮೀಸಲಾಗಿರುವುದು ನಮ್ಮಂತಹ ಊರಿಗೆ ಒಳ್ಳೆಯದೇ. ಆದರೂ ಹಣ ಬಂದಾಗಲೇ ಅದರ ಹಣೆಬರಹವೂ ಬರೆದುಕೊಂಡು ಬಂದಿರುತ್ತದೆ ಎಂಬುದು ನಿಜ.

ಹಾಗಿದ್ದರೂ ಕಾನೂನಿನಲ್ಲಿ ಒಂದು ಬಾಗಿಲಿದೆ, ನಮ್ಮೂರು ಅದನ್ನು ತಡವಾಗಿ ಕಂಡುಕೊಂಡಿತು. 1993ರ ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮವು, 2015ರ ತಿದ್ದುಪಡಿಯ ನಂತರ ‘ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ’ ಎಂದು ಹೆಸರಾದದ್ದು, ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ಮತ್ತು ಗ್ರಾಮಸಭೆ ನಡೆಯಬೇಕೆಂದು ಹೇಳುತ್ತದೆ. ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು, ಅವರನ್ನು ಯಾರೂ ಆರಿಸಬೇಕಾಗಿಲ್ಲ. ಸದಸ್ಯರ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಇವೆರಡರಲ್ಲಿ ಕಡಿಮೆಯಾದದ್ದು ಕೋರಂ, ಎಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ. ನಮ್ಮಲ್ಲಿ ಬಹಳ ವರ್ಷ ಈ ಕೋರಂ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು: ಮನೆ ಮಂಜೂರಿಯ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಲು ಬಂದವರು ಸಹಿ ಮಾಡಿ, ಹೆಸರು ಕೇಳಿಸಿದ ಕೂಡಲೇ ಎದ್ದು ಹೋಗುತ್ತಿದ್ದರು.

ಘಟಕ ನಿಂತ ಆ ವರ್ಷದ ಗ್ರಾಮಸಭೆಗೆ ಮಾತ್ರ ಸ್ತ್ರೀಶಕ್ತಿ ಸಂಘದ ಹೆಂಗಸರು ಖಾಲಿ ಕ್ಯಾನುಗಳೊಂದಿಗೆ ಬಂದು, ಶಾಲೆಯ ಅಂಗಳದಲ್ಲಿ ಶಾಮಿಯಾನದ ಮುಂದಿನ ಸಾಲಿನಲ್ಲಿಯೇ ಕುಳಿತರು. ಕ್ಯಾನ್ ತಂದದ್ದು ಪ್ರದರ್ಶನಕ್ಕಲ್ಲ, ಸಭೆ ಮುಗಿಸಿ ಪಕ್ಕದ ಊರಿನ ಘಟಕಕ್ಕೆ ಹೋಗಬೇಕಾಗಿತ್ತು. ಸಭೆಯ ಉಸ್ತುವಾರಿಗೆ ಬಂದ ನೋಡಲ್ ಅಧಿಕಾರಿಗಳು ವರದಿ ಓದಿ ಮುಗಿಸುವ ಹೊತ್ತಿಗೆ ಸಂಘದ ಹಿರಿಯರೊಬ್ಬರು ಎದ್ದು, ‘ಸಾರ್, ಏಜೆನ್ಸಿಯವರ ಜೊತೆ ಏನು ಬರೆದುಕೊಂಡಿದ್ದೀರೋ ಅದನ್ನು ಒಂದು ಸಲ ನಮ್ಮೆಲ್ಲರ ಮುಂದೆ ಓದಿಬಿಡಿ’ ಎಂದು ಕೇಳಿದರು. ಓದಲು ಪ್ರತಿ ಇರಲಿಲ್ಲ. ಪ್ರತಿ ತರಿಸಿ ಓದುವವರೆಗೆ ಸಭೆಯನ್ನು ಮುಗಿಸಬಾರದು, ಮುಂದೂಡಬೇಕು ಎಂದು ಅವರು ಪಟ್ಟು ಹಿಡಿದರು. ಹದಿನೈದು ದಿನಗಳ ನಂತರ ಮುಂದುವರಿದ ಸಭೆಯಲ್ಲಿ ಒಪ್ಪಂದವನ್ನು ಓದಲಾಯಿತು. ಕೆಟ್ಟ ಯಂತ್ರವನ್ನು ಇಂತಿಷ್ಟು ಗಂಟೆಗಳೊಳಗೆ ದುರಸ್ತಿ ಮಾಡದಿದ್ದರೆ ದಿನಕ್ಕೆ ಇಷ್ಟು ಎಂದು ಹಣ ಹಿಡಿಯುವ ಷರತ್ತು ಅದರಲ್ಲಿ ಇತ್ತು. ಐದು ವರ್ಷಗಳಲ್ಲಿ ಅದನ್ನು ಒಮ್ಮೆಯೂ ಯಾರೂ ಬಳಸಿರಲಿಲ್ಲ.

ಆ ಸಂಜೆ ನಡಾವಳಿ ಪುಸ್ತಕ ಬರೆಯುವಾಗ ನಡೆದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಕಾರ್ಯದರ್ಶಿಯವರು ರೂಢಿಯಂತೆ ‘ಶುದ್ಧ ನೀರಿನ ಘಟಕದ ಬಗ್ಗೆ ಚರ್ಚಿಸಲಾಯಿತು’ ಎಂದು ಬರೆದು ಮುಂದಿನ ವಿಷಯಕ್ಕೆ ಹೋಗುತ್ತಿದ್ದರು. ಹತ್ತನೇ ತರಗತಿಯವರೆಗೆ ಓದಿದ, ನನ್ನದೇ ಹಳೆಯ ವಿದ್ಯಾರ್ಥಿನಿಯೊಬ್ಬಳು ಹತ್ತಿರ ಹೋಗಿ ಪುಸ್ತಕದ ಮೇಲೆ ಬೆರಳಿಟ್ಟು, ‘ಚರ್ಚಿಸಲಾಯಿತು ಅಂತ ಬೇಡ ಸಾರ್, ತೀರ್ಮಾನಿಸಲಾಯಿತು ಅಂತ ಬರೀರಿ’ ಎಂದಳು. ಆ ಪದ ಬದಲಾಗುವವರೆಗೆ ಯಾರೂ ಸಹಿ ಮಾಡಲಿಲ್ಲ. ಚರ್ಚಿಸಲಾಯಿತು ಎಂದರೆ ಮಾತು. ತೀರ್ಮಾನಿಸಲಾಯಿತು ಎಂದರೆ ಠರಾವು, ಅದು ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆ ಬರಲೇಬೇಕು, ಪಾಲಿಸದಿದ್ದರೆ ಏಕೆಂದು ಉತ್ತರ ಕೊಡಬೇಕು. ಠರಾವಿನ ಸಾರ ಇಷ್ಟು: ಏಜೆನ್ಸಿಯ ಬಾಕಿಯಲ್ಲಿ ಷರತ್ತಿನಂತೆ ಹಣ ಹಿಡಿಯುವಂತೆ ಮೇಲಿನವರಿಗೆ ಬರೆಯುವುದು, ನಿರ್ವಹಣೆಯ ಅವಧಿ ಮುಗಿದ ಕೂಡಲೇ ಘಟಕವನ್ನು ಪಂಚಾಯಿತಿಯೇ ವಹಿಸಿಕೊಂಡು ಸಂಘಕ್ಕೆ ನಡೆಸಲು ಕೊಡುವುದು, ಲೆಕ್ಕವನ್ನು ಪ್ರತಿ ವಾರ್ಡ್ ಸಭೆಯಲ್ಲಿ ಒಪ್ಪಿಸುವುದು.

ಹಸ್ತಾಂತರವಾಗುವುದಕ್ಕೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು, ಆ ಓಡಾಟದ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಈಗ ಬೀಗದ ಕೈ ಸಂಘದವರ ಬಳಿ ಇದೆ. ಕಾಯಿನ್ ಬಾಕ್ಸನ್ನು ವಾರಕ್ಕೊಮ್ಮೆ ಇಬ್ಬರು ಸದಸ್ಯೆಯರು ವಾಟರ್‌ಮ್ಯಾನ್ ಎದುರಿನಲ್ಲಿ ತೆರೆದು, ಎಣಿಸಿ, ಗೋಡೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ: ಈ ವಾರದ ವಸೂಲಿ, ಬ್ಯಾಂಕಿಗೆ ಕಟ್ಟಿದ್ದು, ಮೆಂಬ್ರೇನ್ ನಿಧಿಗೆ ಎತ್ತಿಟ್ಟದ್ದು. ಆ ಮೂರನೆಯ ಸಾಲು ಏಜೆನ್ಸಿಯ ಕಾಲದಲ್ಲಿ ಇರಲಿಲ್ಲ. ಮೆಂಬ್ರೇನ್ ಕಟ್ಟಿಕೊಳ್ಳುವುದು ಅಪಘಾತವಲ್ಲ, ಟೈರ್ ಸವೆದಂತೆ ನಿಶ್ಚಿತ. ಅದಕ್ಕೆ ಮೊದಲೇ ದುಡ್ಡು ಕೂಡಿಡಬೇಕೆಂಬ ತಿಳಿವಳಿಕೆ ಹಸುವಿನ ಸಾಲ ಮಾಡಿ ಕಂತು ಕಟ್ಟಿದ ಹೆಂಗಸರಿಗೆ ಸಹಜವಾಗಿಯೇ ಬಂತು. ಕಳೆದ ಮೂರು ವರ್ಷಗಳಲ್ಲಿ ಘಟಕ ಒಂದೇ ಬಾರಿಗೆ ಹೆಚ್ಚೆಂದರೆ ನಾಲ್ಕು ದಿನ ನಿಂತಿದೆ. ಹಿಂಬದಿಯ ಉಪ್ಪುನೀರು ಈಗ ಅರ್ಧದಷ್ಟಾದರೂ ಒಂದು ತೊಟ್ಟಿಗೆ ಬಿದ್ದು, ಪಾತ್ರೆ ಬಟ್ಟೆ ತೊಳೆಯಲು ಬಳಕೆಯಾಗುತ್ತಿದೆ. ನಿರ್ವಹಣೆಗೆ ಮೊದಲ ಆರು ವರ್ಷ ಐದರಲ್ಲಿ ಒಂದು ಅಂಕ ಕೊಟ್ಟರೆ ಕಳೆದ ಮೂರು ವರ್ಷಕ್ಕೆ ಮೂರೂವರೆ ಕೊಡುತ್ತೇನೆ.

ಪೂರ್ತಿ ಐದು ಕೊಡದಿರುವುದಕ್ಕೆ ಕಾರಣವಿದೆ. ಊರು ಕುಳಿತು ಮಾಡಿದ ತೀರ್ಮಾನವೆಲ್ಲ ನ್ಯಾಯವಾಗಿಯೇ ಇರುತ್ತದೆ ಎಂದು ನಂಬುವಷ್ಟು ನಾನು ಊರನ್ನು ಅರಿಯದವನಲ್ಲ. ಸಂಘ ವಹಿಸಿಕೊಂಡ ಹೊಸತರಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತು ಎಂದು ಸಮಯ ಗೊತ್ತು ಮಾಡಲಾಯಿತು. ಡೇರಿಗೆ ಹಾಲು ಹಾಕಿ ಬರುವವರಿಗೆ ಅದು ಹೇಳಿ ಮಾಡಿಸಿದ ಹೊತ್ತು. ಆರೂವರೆಗೇ ಟೆಂಪೋ ಹತ್ತಿ ಟೊಮೆಟೊ ತೋಟದ ಕೂಲಿಗೆ ಹೋಗುವ ಕಾಲೋನಿಯ ಹೆಂಗಸರಿಗೆ ಬಾಗಿಲು ಮುಚ್ಚಿದಂತೆಯೇ. ಸರದಿಯಲ್ಲಿ ಕ್ಯಾನ್ ಮುಟ್ಟುವ ವಿಚಾರದಲ್ಲಿ ಹಳೆಯ ಹೊಲಸು ಮಾತುಗಳೂ ಒಂದೆರಡು ಸಲ ಕೇಳಿಬಂದವು. ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದೆಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಕಾಯಿನ್ ಬಾಕ್ಸಿಗೆ ಜಾತಿ ತಿಳಿಯುವುದಿಲ್ಲ, ಆದರೆ ಅದರ ಮುಂದೆ ನಿಂತವರಿಗೆ ತಿಳಿಯುತ್ತದೆ. ಇಲ್ಲಿ ಊರಿನ ಸಭೆಗಿಂತ ದೇಶದ ಕಾನೂನೇ ದೊಡ್ಡದಾಗಿ ನಿಲ್ಲಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕಾಲೋನಿಯ ಪಂಚಾಯಿತಿ ಸದಸ್ಯೆ ಈ ಎರಡು ವಿಷಯಗಳನ್ನು ಸಾಮಾನ್ಯ ಸಭೆಯಲ್ಲಿ ಎತ್ತಿ, ಸಮಯವನ್ನು ಬೆಳಿಗ್ಗೆ ಐದೂವರೆಗೆ ತಂದರು, ಸಂಜೆ ಎರಡು ಗಂಟೆ ಸೇರಿಸಿದರು. ರಾಜ್ಯದ ಪಂಚಾಯಿತಿಗಳಲ್ಲಿ 2010ರಿಂದ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲಾಗಿರುವುದು ಇಲ್ಲಿ ಕಣ್ಣಿಗೆ ಕಾಣುವಂತೆ ಕೆಲಸ ಮಾಡಿತು: ಬೆಳಗಿನ ಜಾವ ಕೊಡ ಹೊತ್ತವರಿಗೆ ಮಾತ್ರ ಆ ಒಂದೂವರೆ ಗಂಟೆಯ ಬೆಲೆ ಗೊತ್ತಿರುತ್ತದೆ.

ಬಗೆಹರಿಯದ ಇನ್ನೊಂದು ವಿಷಯ ಇಟ್ಟಿಗೆ ಗೂಡಿನ ಕೆಲಸಗಾರರದು. ಊರಾಚೆಯ ಗೂಡುಗಳಿಗೆ ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ಬಂದ ಸುಮಾರು ನಲವತ್ತು ಕುಟುಂಬಗಳು ವರ್ಷದಲ್ಲಿ ಏಳೆಂಟು ತಿಂಗಳು ಇಲ್ಲಿರುತ್ತವೆ. ಅವರು ಕಂದಾಯ ಕಟ್ಟುವುದಿಲ್ಲವಾದ್ದರಿಂದ ಕ್ಯಾನಿಗೆ ಹತ್ತು ರೂಪಾಯಿ ತೆಗೆದುಕೊಳ್ಳಬೇಕೆಂದು ಸಂಘದಲ್ಲಿ ತೀರ್ಮಾನವಾಗಿ, ಯಂತ್ರ ಐದಕ್ಕೇ ನೀರು ಕೊಡುವುದರಿಂದ ಉಳಿದ ಐದನ್ನು ಕೈಯಲ್ಲಿ ವಸೂಲು ಮಾಡಲಾಗುತ್ತಿದೆ. ಅವರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಅವರು ಗ್ರಾಮಸಭೆಯ ಸದಸ್ಯರಲ್ಲ. ಆದ್ದರಿಂದ ಈ ದರವನ್ನು ಪ್ರಶ್ನಿಸಲು ಅವರಿಗೆ ಸಭೆಯೇ ಇಲ್ಲ. ಏಜೆನ್ಸಿಯ ಕಾಲದಲ್ಲಿ ನೀರಿಗೆ ಪರದಾಡಿದ ನಾವು, ಬೀಗದ ಕೈ ನಮ್ಮ ಕೈಗೆ ಬಂದ ಎರಡೇ ವರ್ಷಗಳಲ್ಲಿ ಇನ್ನೊಬ್ಬರಿಗೆ ಹೀಗೆ ಮಾಡಿದ್ದು ನನಗೆ ಬಹಳ ನೋವುಂಟುಮಾಡಿದ ಸಂಗತಿ. ಸಂಘದವರ ವಾದವೂ ಪೂರ್ತಿ ಹುರುಳಿಲ್ಲದ್ದಲ್ಲ: ಕರೆಂಟ್ ಬಿಲ್ ಕಟ್ಟುವುದು ಕಂದಾಯದ ಹಣದಿಂದ. ಆದರೆ ಆ ಕಂದಾಯವನ್ನು ಗೂಡಿನ ಮಾಲೀಕರಿಂದ ಸರಿಯಾಗಿ ವಸೂಲು ಮಾಡುವ ಅಧಿಕಾರ ಪಂಚಾಯಿತಿಗೆ ಇದ್ದೇ ಇದೆ. ಅಲ್ಲಿ ಕೈ ಹಾಕದೆ ಕೂಲಿಯವನ ಕ್ಯಾನಿನ ಮೇಲೆ ಕೈ ಹಾಕಿದ್ದು ತಪ್ಪು.

ಉಳ್ಳವರನ್ನು ಎದುರಿಸುವುದು ಪಂಚಾಯಿತಿಯ ಶಕ್ತಿಗೆ ಮೀರಿದ್ದೆಂದು ಹೇಳುವವರಿಗೆ ನೆರೆಯ ಕೇರಳದ ಪೆರುಮಾಟ್ಟಿ ಗ್ರಾಮ ಪಂಚಾಯಿತಿಯನ್ನು ನೆನಪಿಸುತ್ತೇನೆ. ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡದಲ್ಲಿ ಕೋಕಾ-ಕೋಲಾ ಕಾರ್ಖಾನೆ ಅಂತರ್ಜಲವನ್ನು ಎತ್ತುತ್ತಿದ್ದಾಗ, ಆ ಪಂಚಾಯಿತಿ 2003ರಲ್ಲಿ ಪರವಾನಗಿಯನ್ನು ನವೀಕರಿಸಲು ನಿರಾಕರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಬಾಲಕೃಷ್ಣನ್ ನಾಯರ್ ಅವರು ಅಂತರ್ಜಲ ಜನರ ಸೊತ್ತು, ಸರ್ಕಾರ ಮತ್ತು ಪಂಚಾಯಿತಿ ಅದರ ಕಾವಲುಗಾರರು ಎಂಬ ನಿಲುವಿನ ತೀರ್ಪು ಕೊಟ್ಟರು. 2005ರಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ದಿನಕ್ಕೆ ಐದು ಲಕ್ಷ ಲೀಟರ್ ಎತ್ತಲು ಕಂಪನಿಗೆ ಅವಕಾಶ ನೀಡಿದ್ದೂ ನಿಜ. ಆದರೆ 2004ರಲ್ಲಿಯೇ ನಿಂತ ಆ ಕಾರ್ಖಾನೆ ಮತ್ತೆ ನಿಯಮಿತವಾಗಿ ಉತ್ಪಾದನೆಗೆ ಇಳಿಯಲಿಲ್ಲ. ಒಂದು ಹಳ್ಳಿಯ ಸಭೆ ಅಷ್ಟು ದೊಡ್ಡ ಕಂಪನಿಯನ್ನು ನ್ಯಾಯಾಲಯದವರೆಗೆ ಕರೆದೊಯ್ದು ನಿಲ್ಲಿಸಬಹುದಾದರೆ, ನಮ್ಮ ಪಂಚಾಯಿತಿ ನಾಲ್ಕು ಇಟ್ಟಿಗೆ ಗೂಡುಗಳಿಂದ ತೆರಿಗೆ ಕೇಳಬಹುದು.

ಬಳಸುವವರಿಗೆ ಕೆಲವು ಮಾತು. ಸಂಜೆಯ ಹೊತ್ತಿನಲ್ಲಿ ಸರದಿ ಕಡಿಮೆ, ಆದರೆ ಕರೆಂಟ್ ಹೋಗುವುದು ಹೆಚ್ಚು. ಕ್ಯಾನನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ತೊಳೆಯಿರಿ, ಒಳಗೆ ಪಾಚಿ ಕಟ್ಟಿದ ಕ್ಯಾನಿನಲ್ಲಿ ಶುದ್ಧ ನೀರು ತಂದು ಪ್ರಯೋಜನವಿಲ್ಲ. ಪ್ರಯೋಗಾಲಯದ ವರದಿಯನ್ನು ಆರು ತಿಂಗಳಿಗೊಮ್ಮೆ ಕಪ್ಪು ಹಲಗೆಯ ಪಕ್ಕ ಅಂಟಿಸುತ್ತಾರೆ, ದಿನಾಂಕ ನೋಡಿ ಓದಿರಿ, ಹಳೆಯದಾಗಿದ್ದರೆ ಕೇಳಿರಿ. ಬೇರೆ ಊರಿನವರು ತಮ್ಮೂರಿನ ಘಟಕ ಕೆಟ್ಟು ನಿಂತಿದ್ದರೆ ಮೊದಲು ಒಪ್ಪಂದದ ಪ್ರತಿಯನ್ನು ಪಂಚಾಯಿತಿಯಲ್ಲಿ ಲಿಖಿತವಾಗಿ ಕೇಳಬೇಕು, ಆಮೇಲೆ ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು.

ಬರುವ ಸೋಮವಾರ ನಮ್ಮ ವಾರ್ಡ್ ಸಭೆ ಇದೆ, ಚೀಟಿಯನ್ನು ಡೇರಿಯ ಗೋಡೆಗೆ ಅಂಟಿಸಿದ್ದಾರೆ. ಗೂಡಿನ ಕುಟುಂಬಗಳಿಗೂ ಐದೇ ರೂಪಾಯಿಗೆ ನೀರು ಕೊಡಬೇಕು, ಗೂಡಿನ ಮಾಲೀಕರ ಬಾಕಿ ಕಂದಾಯದ ಪಟ್ಟಿಯನ್ನು ಸಭೆಯಲ್ಲಿ ಓದಬೇಕು ಎಂದು ನಾನೂ ಇನ್ನು ಹನ್ನೊಂದು ಮಂದಿಯೂ ಸಹಿ ಮಾಡಿ ಕೊಟ್ಟ ಅರ್ಜಿ ಅದರಲ್ಲಿ ಆರನೆಯ ವಿಷಯವಾಗಿದೆ. ನಡಾವಳಿ ಬರೆಯುವ ಮೇಜಿನ ಹತ್ತಿರವೇ ಕುಳಿತುಕೊಳ್ಳುವುದಾಗಿ ನನ್ನ ಹಳೆಯ ವಿದ್ಯಾರ್ಥಿನಿ ಹೇಳಿದ್ದಾಳೆ.